ಚರ್ಚಿನವರು ತಮ್ಮ ಬಡಾವಣೆಗಾಗಿ ಏಕೆ ಪ್ರಾರ್ಥಿಸುತ್ತಾರೆ?

ದಾವಣಗೆರೆಯಲ್ಲಿ ನಿಮ್ಮ ಪಕ್ಕದ ಮನೆಯ ಕ್ರೈಸ್ತರು ಇಡೀ ಬಡಾವಣೆಗಾಗಿ ಪ್ರಾರ್ಥಿಸುವುದು ಏಕೆ ಎಂದು ಕೇಳಿದ್ದೀರಿ. ಊರು ಚೆನ್ನಾಗಿದ್ದರೆ ತಾವೂ ಚೆನ್ನಾಗಿರುತ್ತೇವೆ ಎಂಬ ನಂಬಿಕೆಯಿಂದ. ಅಕ್ಕಪಕ್ಕದವರ ಧರ್ಮ ಯಾವುದು ಅನ್ನುವುದು ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ.

ಇದರ ಬೇರು ಬೈಬಲ್‌ನ ಯೆರೆಮೀಯ ಪುಸ್ತಕದ 29ನೇ ಅಧ್ಯಾಯದಲ್ಲಿದೆ. ಕ್ರಿ.ಪೂ. 597ರಲ್ಲಿ ಯೆರೂಸಲೇಮಿನ ಅನೇಕರನ್ನು ಬಾಬಿಲೋನಿಗೆ ಸೆರೆ ಒಯ್ದರು. ಅವರಿಗೆ ಪ್ರವಾದಿ ಯೆರೆಮೀಯ ಪತ್ರ ಬರೆದ: ಅಲ್ಲೇ ಮನೆ ಕಟ್ಟಿಕೊಳ್ಳಿ, ತೋಟ ಮಾಡಿ, ಆ ಊರಿಗಾಗಿ ಪ್ರಾರ್ಥಿಸಿ, ಅದರ ಕ್ಷೇಮದಲ್ಲೇ ನಿಮ್ಮ ಕ್ಷೇಮವಿದೆ ಎಂದು. ತಮ್ಮನ್ನು ಸೋಲಿಸಿದವರ ಊರಿಗಾಗಿ! ಸುಲಭವಲ್ಲ, ಅಲ್ವಾ? ಅಲ್ಲಿ ಕ್ಷೇಮಕ್ಕೆ ಇರುವ ಹೀಬ್ರೂ ಪದ ‘ಶಾಲೋಮ್’. ಅದು ಬರೀ ಶಾಂತಿಯಲ್ಲ. ಆರೋಗ್ಯ, ನೆಮ್ಮದಿ, ಒಳ್ಳೆಯ ಬದುಕು ಎಲ್ಲವೂ ಅದರಲ್ಲಿ ಸೇರಿದೆ.

ಹಾಗಾಗಿ ಪ್ರಾರ್ಥನೆಯಲ್ಲಿ ಬರುವುದು ದಿನನಿತ್ಯದ ವಿಷಯಗಳೇ. ಮಂಡಕ್ಕಿ ಭಟ್ಟಿಯ ಬಿಸಿ, ಹೊಗೆಯಲ್ಲಿ ದುಡಿಯುವವರು, ಬೇಸಿಗೆಯ ನೀರು, ಪರೀಕ್ಷೆ ಬರೆಯುವ ಮಕ್ಕಳು, ಕೆಲಸ ಸಿಗದ ಹುಡುಗರು. ಕೆಲವರು ಇಬ್ಬಿಬ್ಬರಾಗಿ ಬೀದಿಯಲ್ಲಿ ನಡೆಯುತ್ತಾ ಮನಸ್ಸಿನಲ್ಲೇ ಪ್ರಾರ್ಥಿಸುವುದೂ ಉಂಟು.

ಸುಮ್ನೆ ‘ಎಲ್ಲರಿಗೂ ಒಳ್ಳೆಯದಾಗಲಿ’ ಎಂದು ಮುಗಿಸುವವರೂ ಇದ್ದಾರೆ ಬಿಡಿ. ಆದರೆ ಮೂರನೇ ಮನೆಯ ಅಜ್ಜಿಗಾಗಿ ಪ್ರಾರ್ಥಿಸಬೇಕಾದರೆ ಅಜ್ಜಿಗೆ ಏನಾಗಿದೆ ಅಂತ ಮೊದಲು ಗೊತ್ತಿರಬೇಕು. ಗೊತ್ತಾಗಬೇಕಾದರೆ ಅವರ ಮನೆಗೆ ಹೋಗಬೇಕು. ಒಮ್ಮೆ ಹೋದವರು ಮುಂದಿನ ವಾರ ಗಂಜಿ ಹಿಡಿದುಕೊಂಡು ಹೋಗುತ್ತಾರೆ.