ರಾಷ್ಟ್ರೀಯ ಪಟ್ಟಿಯ ಧೈರ್ಯದ ಮೇಲೆ ಕೊಲಂಬಸ್‌ನಲ್ಲಿ ಹಳೆಯ ಮನೆ ಕೊಳ್ಳಬೇಡಿ

"ಆ ಬೀದಿ ರಾಷ್ಟ್ರೀಯ ಐತಿಹಾಸಿಕ ಸ್ಥಳಗಳ ಪಟ್ಟಿಯಲ್ಲಿದೆ, ಹಾಗಾಗಿ ಅಕ್ಕಪಕ್ಕದಲ್ಲಿ ಏನೂ ಬದಲಾಗುವುದಿಲ್ಲ" ಎಂದು, ಅಮೆರಿಕದ ಒಹಾಯೊ ರಾಜ್ಯದ ಕೊಲಂಬಸ್‌ನಲ್ಲಿ ಮನೆ ಹುಡುಕುತ್ತಿರುವ ನೀವು ನನಗೆ ಬರೆದ ಸಾಲನ್ನು ನಾನು ಎರಡು ಸಲ ಓದಿದೆ. 2013ರಲ್ಲಿ ನಾನು ನನ್ನ ಹೆಂಡತಿಗೆ ಹೆಚ್ಚುಕಡಿಮೆ ಇದೇ ಮಾತು ಹೇಳಿದ್ದೆ, ಆಕೆ ನಂಬಿದಳು. ಡಬ್ಲಿನ್, ಪೊವೆಲ್ ಎಂಬ ಉಪನಗರಗಳ ಕಡೆಯ ಹೊಸ ಮನೆಯೋ ಊರ ನಡುವಿನ ಹಳೆಯ ಮನೆಯೋ ಎಂಬ ನಿಮ್ಮ ಪ್ರಶ್ನೆಗೆ ಆಮೇಲೆ ಬರುತ್ತೇನೆ; ಮೊದಲು ಆ ಸಾಲು ನಿಮ್ಮ ತಲೆಯಿಂದ ಹೋಗಬೇಕು.

ನಾನು ಬೆಳೆದದ್ದು ಶ್ರೀರಂಗಪಟ್ಟಣದಲ್ಲಿ. ಅಲ್ಲಿ ಹಳೆಯ ಕಲ್ಲೆಂದರೆ ಕೇಂದ್ರ ಸರ್ಕಾರದ ಕಲ್ಲು ಎಂದೇ ಲೆಕ್ಕ. ಕೇಂದ್ರದ ಸಂರಕ್ಷಿತ ಸ್ಮಾರಕದಿಂದ 100 ಮೀಟರ್ ಒಳಗೆ ಹೊಸ ಕಟ್ಟಡ ನಿಷಿದ್ಧ, ಅದರಾಚೆಯ 200 ಮೀಟರ್ ನಿಯಂತ್ರಿತ ವಲಯ. ನನ್ನ ಚಿಕ್ಕಪ್ಪ ಬಚ್ಚಲುಮನೆಯ ಗೋಡೆ ಎತ್ತುವ ಮೊದಲು ಅಳತೆಪಟ್ಟಿ ಹಿಡಿದು ಹಿತ್ತಿಲಿನಿಂದ ಕೋಟೆಯವರೆಗೆ ನಡೆದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಪುರಸಭೆಗಿಂತ ರಾಜ್ಯ ದೊಡ್ಡದು, ರಾಜ್ಯಕ್ಕಿಂತ ಕೇಂದ್ರ ದೊಡ್ಡದು, ದಿಲ್ಲಿಯ ಫಲಕ ನೆಟ್ಟ ಜಾಗದಲ್ಲಿ ಯಾರೂ ಕೈಯಾಡಿಸುವುದಿಲ್ಲ ಎಂಬ ಏಣಿಯೊಂದು ನನ್ನೊಳಗೆ ಚಿಕ್ಕಂದಿನಿಂದಲೇ ನಿಂತುಬಿಟ್ಟಿತ್ತು. ಒಹಾಯೊಗೆ ಬಂದಾಗ ಆ ಏಣಿಯನ್ನೂ ಹೊತ್ತು ತಂದಿದ್ದೆ.

ನಾವು ಕೊಂಡದ್ದು ಕೊಲಂಬಸ್‌ನ ಪೂರ್ವಭಾಗದಲ್ಲಿ, ಬ್ರಾಡ್ ಸ್ಟ್ರೀಟ್‌ನ ದಕ್ಷಿಣಕ್ಕಿರುವ ಒಂದು ಬೀದಿಯ ಇಟ್ಟಿಗೆ ಮನೆಯನ್ನು. ಅದು 1890ರ ದಶಕದ ಕಟ್ಟಡ. ಹನ್ನೊಂದಡಿ ಎತ್ತರದ ಒಳಮಾಳಿಗೆ, ಸುಣ್ಣಕಲ್ಲಿನ ತಳಪಾಯ, ಚಳಿಗಾಲವಿಡೀ ಬಿಸಿಲು ಬೀಳುವ ದಕ್ಷಿಣದ ಕಿಟಕಿ. ಆ ಕಿಟಕಿಯಲ್ಲಿ ನಮ್ಮ ತುಳಸಿ ನಾಲ್ಕು ಚಳಿಗಾಲ ಬದುಕಿತು. ಪಕ್ಕದ ಮನೆ ನಮ್ಮದರ ಅವಳಿಯಂತಿತ್ತು, ಅದೇ ಇಟ್ಟಿಗೆ, ಕಿಟಕಿಗಳ ಮೇಲೆ ಅದೇ ಕೆತ್ತಿದ ಕಲ್ಲಿನ ತೊಲೆ. ಅದರಲ್ಲಿದ್ದವರು ನಿವೃತ್ತ ದಾದಿ. ಅವರ ತಂದೆ ದಕ್ಷಿಣದ ಹತ್ತಿಯ ನಾಡಿನಿಂದ ಕೆಲಸ ಹುಡುಕಿಕೊಂಡು ಬಂದ ಕರಿಯ ಕುಟುಂಬದವರು. 2014ರಲ್ಲಿ, ಮಗನ ಊರಿಗೆ ಹೊರಡುವ ಮೊದಲು, ಅವರು ನಮ್ಮ ಜಗುಲಿಗೆ ಬಂದು, 90 ಸಾವಿರ ಡಾಲರಿಗೆ ಮನೆಯನ್ನು ನೀವೇ ಇಟ್ಟುಕೊಳ್ಳಿ ಎಂದರು. ಹಣ ಹೊಂದಿಸುವುದು ಕಷ್ಟವಿತ್ತು, ಆದರೆ ಅಸಾಧ್ಯವಿರಲಿಲ್ಲ. ನಾನು ಬೇಡವೆಂದೆ. ಯಾರು ಕೊಂಡರೂ ಆ ಮನೆ ಅಲ್ಲೇ ಇರುತ್ತದೆ, ಬೀದಿಗೆ ರಾಷ್ಟ್ರದ ಮುದ್ರೆ ಬಿದ್ದಿದೆ, ನಾನೇಕೆ ದುಡ್ಡು ಹಾಕಲಿ ಎಂಬುದು ನನ್ನ ಎಣಿಕೆ.

ಈ ಎಣಿಕೆ ಎಲ್ಲಿ ತಪ್ಪಿತು ಎಂಬುದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಬೇಸರಿಸಬೇಡಿ, ಇಡೀ ಉತ್ತರದಲ್ಲಿ ನಿಮಗೆ ಬೇಕಾದದ್ದು ಇದೊಂದೇ. ಅಮೆರಿಕದ ರಾಷ್ಟ್ರೀಯ ಪಟ್ಟಿ 1966ರ ಸಂರಕ್ಷಣಾ ಕಾಯ್ದೆಯಿಂದ ಬಂದದ್ದು. ಅದು ಕಟ್ಟಿಹಾಕುವುದು ಒಕ್ಕೂಟ ಸರ್ಕಾರದ ಕೈಯನ್ನು. ಒಕ್ಕೂಟದ ಹಣವೋ ಪರವಾನಗಿಯೋ ಇರುವ ಯೋಜನೆ, ಉದಾಹರಣೆಗೆ ಒಂದು ಹೆದ್ದಾರಿ, ಪಟ್ಟಿಯಲ್ಲಿರುವ ಕಟ್ಟಡಕ್ಕೆ ತಾಗುವುದಾದರೆ, ಅದರಿಂದ ಏನಾಗುತ್ತದೆ ಎಂದು ಮೊದಲು ಪರಿಶೀಲಿಸಬೇಕು. ಆ ಪರಿಶೀಲನೆಯೂ ಯೋಜನೆಯನ್ನು ನಿಲ್ಲಿಸಲೇಬೇಕೆಂದಿಲ್ಲ. ಬಾಡಿಗೆಗೋ ವ್ಯಾಪಾರಕ್ಕೋ ಬಳಸುವ ಹಳೆಯ ಕಟ್ಟಡವನ್ನು ನಿಯಮದಂತೆ ದುರಸ್ತಿ ಮಾಡಿದರೆ ಖರ್ಚಿನ ಶೇ. 20ರಷ್ಟು ತೆರಿಗೆ ವಿನಾಯಿತಿ ಸಿಗುತ್ತದೆ, ಅದೊಂದು ಒಳ್ಳೆಯ ಏರ್ಪಾಡು. ಆದರೆ ಸ್ವಂತ ಹಣದಿಂದ ಸ್ವಂತ ಮನೆ ಕೆಡವುವವನನ್ನು ಆ ಪಟ್ಟಿ ತಡೆಯುವುದಿಲ್ಲ. ತಡೆಯುವ ಹಲ್ಲಿರುವುದು ನಗರದ ಪಟ್ಟಿಗೆ. ಕೊಲಂಬಸ್ ನಗರ ತಾನೇ ಗುರುತಿಸಿದ ಐತಿಹಾಸಿಕ ಪ್ರದೇಶಗಳಲ್ಲಿ, ಕಿಟಕಿ ಬದಲಿಸುವುದಕ್ಕೂ ಕಟ್ಟಡ ಕೆಡವುವುದಕ್ಕೂ ಆಯಾ ಆಯೋಗದ ಒಪ್ಪಿಗೆ ಬೇಕು. ಅಂದರೆ ನನ್ನ ಏಣಿ ಇಲ್ಲಿ ತಲೆಕೆಳಗು: ದೇಶದ ಮುದ್ರೆ ಗೌರವ, ಊರಿನ ಮುದ್ರೆ ಕಾನೂನು. ನಮ್ಮ ಬೀದಿಗೆ ಮೊದಲನೆಯದಿತ್ತು, ಎರಡನೆಯದಿರಲಿಲ್ಲ. ಇದನ್ನು ತಿಳಿಯಲು ನಗರದ ಕಚೇರಿಗೆ ಒಂದು ಫೋನ್ ಕರೆ ಸಾಕಾಗಿತ್ತು. ಮನೆಯ ಕೊಳಾಯಿ, ವಿದ್ಯುತ್ ತಂತಿ, ಗೆದ್ದಲು ಎಲ್ಲವನ್ನೂ ಪರೀಕ್ಷೆ ಮಾಡಿಸಿದ ನಾನು ಆ ಒಂದು ಕರೆ ಮಾಡಲಿಲ್ಲ.

2016ರಲ್ಲಿ ಅಂಚೆಯಲ್ಲಿ ಒಂದು ಕಾರ್ಡು ಬಂತು. ಪಕ್ಕದ ನಿವೇಶನಕ್ಕೆ ವಲಯ ನಿಯಮದಿಂದ ವಿನಾಯಿತಿ ಕೇಳಲಾಗಿದೆ, ವಿಚಾರಣೆಗೆ ನೆರೆಯವರು ಬರಬಹುದು ಎಂದಿತ್ತು. ಅದರ ಬೆನ್ನಿಗೆ ನಾನು ದಿನಸಿಯ ಪಟ್ಟಿ ಬರೆದೆ. 2017ರ ವಸಂತದಲ್ಲಿ ಒಂದು ಬೆಳಗ್ಗೆ ಅಗೆಯುವ ಯಂತ್ರ ಬಂದು ನಿಂತಾಗ, ರಾಷ್ಟ್ರೀಯ ಪಟ್ಟಿಯ ಮುದ್ರಿತ ಪ್ರತಿ ಹಿಡಿದು ಓಡಿಹೋಗಿ ಮೇಸ್ತ್ರಿಯ ಮುಂದೆ ಹಿಡಿದೆ. ಆತ ಅದನ್ನು ಸೌಜನ್ಯದಿಂದಲೇ ಪೂರ್ತಿ ಓದಿ, ತನ್ನ ಜೇಬಿನಿಂದ ಕೆಡವುವ ಪರವಾನಗಿಯನ್ನು ತೆಗೆದು ತೋರಿಸಿದ. ಮಧ್ಯಾಹ್ನದ ಹೊತ್ತಿಗೆ ಮನೆ ಇರಲಿಲ್ಲ. ಅಲ್ಲಿ ನಾಲ್ಕು ಅಂತಸ್ತು ಎದ್ದಿತು. ಪಾಯ ತೋಡುವಾಗ ನಮ್ಮ ಸುಣ್ಣಕಲ್ಲಿನ ತಳಪಾಯ ಒಂದು ಮೂಲೆಯಲ್ಲಿ ಬಿರುಕು ಬಿಟ್ಟಿತು. ಅದನ್ನು ಸರಿಪಡಿಸಲು 38 ಸಾವಿರ ಡಾಲರ್ ಹೋಯಿತು. ತುಳಸಿ ಆ ಚಳಿಗಾಲ ದಾಟಲಿಲ್ಲ.

ನನಗೆ ಇಂದಿಗೂ ಕಸಿವಿಸಿಯಾಗುವುದು ಬೇರೊಂದು ಸಂಗತಿಗೆ. ಈ ಪಾಠ ಈ ಊರಿನಲ್ಲಿ ಕಲ್ಲಿನಲ್ಲೇ ನಿಂತಿದೆ, ನಾನು ಅದರ ಕೆಳಗೆ ಮಗಳನ್ನು ಆಡಿಸುತ್ತಿದ್ದೆ. ಅರೀನಾ ಡಿಸ್ಟ್ರಿಕ್ಟ್‌ನ ಮೆಕ್‌ಫರ್ಸನ್ ಕಾಮನ್ಸ್ ಎಂಬ ಉದ್ಯಾನದಲ್ಲಿ ಒಂಟಿ ಕಮಾನೊಂದಿದೆ. ಅದು ವಾಸ್ತುಶಿಲ್ಪಿ ಡೇನಿಯಲ್ ಬರ್ನಮ್‌ನ ಸಂಸ್ಥೆ 1890ರ ದಶಕದಲ್ಲಿ ವಿನ್ಯಾಸ ಮಾಡಿದ ಯೂನಿಯನ್ ಸ್ಟೇಷನ್ ಎಂಬ ರೈಲು ನಿಲ್ದಾಣದ ಕಮಾನುಸಾಲಿನಲ್ಲಿ ಉಳಿದದ್ದು. ಆ ಕಮಾನುಸಾಲು ರಾಷ್ಟ್ರೀಯ ಪಟ್ಟಿಗೆ ಸೇರಿದ್ದು 1974ರಲ್ಲಿ. 1976ರ ಅಕ್ಟೋಬರಿನಲ್ಲಿ ಅದನ್ನು ಕೆಡವಿದರು, ನ್ಯಾಯಾಲಯದ ತಡೆ ಬರುವಷ್ಟರಲ್ಲಿ ಉಳಿದಿದ್ದದ್ದು ಈ ಒಂದೇ ಕಮಾನು. 1974, 1976. ಈ ಎರಡು ಇಸವಿಗಳನ್ನು ಪಕ್ಕಪಕ್ಕ ಇಟ್ಟುನೋಡುವ ಬುದ್ಧಿ ನನಗೆ ಬರಲಿಲ್ಲ. ನಮ್ಮೂರಿನಲ್ಲಿ ಜೋಡಿ ಹಳಿಗಾಗಿ ಟಿಪ್ಪುವಿನ ಮದ್ದಿನ ಮನೆಯನ್ನು 2017ರಲ್ಲಿ ಇಡಿಯಾಗಿ ಪಕ್ಕಕ್ಕೆ ಸರಿಸಿದರು, ಇಲ್ಲಿ ರೈಲೇ ಬಾರದ ಊರಿನಲ್ಲಿ ನಿಲ್ದಾಣದ ಚೂರನ್ನು ಉದ್ಯಾನಕ್ಕೆ ತಂದಿಟ್ಟರು ಎಂದು ತಮಾಷೆ ಮಾತ್ರ ಮಾಡುತ್ತಿದ್ದೆ. ಕೊಲಂಬಸ್‌ಗೆ ಕೊನೆಯ ಪ್ರಯಾಣಿಕರ ರೈಲು ಬಂದುಹೋದದ್ದು 1979ರಲ್ಲಿ. 2004ರಲ್ಲಿ 670ನೆಯ ಹೆದ್ದಾರಿಯ ಮೇಲೆ ಸೇತುವೆಯುದ್ದಕ್ಕೂ ಅಂಗಡಿಗಳನ್ನು ಕಟ್ಟಿದಾಗ ಅವುಗಳ ಮುಖವನ್ನು ಕೆಡವಿದ ಆ ಕಮಾನುಸಾಲಿನ ಮಾದರಿಯಲ್ಲೇ ಮಾಡಿದರು. ನೀವು ಅಲ್ಲಿ ಕಾಫಿ ಕುಡಿಯುವಾಗ ಅದು ಹಳೆಯದೆಂದು ಭ್ರಮಿಸುವುದು ಖಂಡಿತ.

ಇನ್ನು "ಇದು ಇತಿಹಾಸವಿಲ್ಲದ ಊರು" ಎಂದಿದ್ದೀರಿ. ಇದನ್ನು ನಾನು ಒಪ್ಪುವುದಿಲ್ಲ. ಊರಿಗೆ ಇತಿಹಾಸವಿದೆ, ಅದರ ಮೇಲೆ ಕಾರು ನಿಲ್ಲಿಸುವ ಜಾಗಗಳಿವೆ. ಸಯೋಟೊ ನದಿಯ ಪಶ್ಚಿಮ ದಡದಲ್ಲಿ ಲೂಕಸ್ ಸಲಿವಂಟ್ ಫ್ರ್ಯಾಂಕ್ಲಿನ್ಟನ್ ಎಂಬ ಊರು ಹಾಕಿದ್ದು 1797ರಲ್ಲಿ, ಅಂದರೆ ಟಿಪ್ಪು ಇನ್ನೂ ಬದುಕಿದ್ದಾಗ. ಬಂದು ನೆಲೆಸುವವರಿಗೆ ಆತ ನಿವೇಶನಗಳನ್ನು ಪುಕ್ಕಟೆ ಕೊಟ್ಟ ಬೀದಿಗೆ ಇಂದಿಗೂ ಗಿಫ್ಟ್ ಸ್ಟ್ರೀಟ್ ಎಂದೇ ಹೆಸರು. ಎದುರು ದಡದಲ್ಲಿ ರಾಜಧಾನಿಯೆಂದೇ ಕೊಲಂಬಸ್ಸನ್ನು ಕಟ್ಟಲು ತೊಡಗಿದ್ದು 1812ರಲ್ಲಿ. 1913ರ ಮಾರ್ಚಿನ ಪ್ರವಾಹ ಫ್ರ್ಯಾಂಕ್ಲಿನ್ಟನ್ ಅನ್ನು ನುಂಗಿತು. 2004ರಲ್ಲಿ ಪ್ರವಾಹದ ತಡೆಗೋಡೆ ಮುಗಿಯುವವರೆಗೂ ಅಲ್ಲಿ ಕಟ್ಟುವುದಕ್ಕೆ ಕಠಿಣ ನಿರ್ಬಂಧಗಳಿದ್ದವು, ಬೆಲೆ ಏರಲಿಲ್ಲ, ಬಡವರು ಉಳಿದರು. ಗೋಡೆ ಮುಗಿದ ಮೇಲೆ ಕಲಾವಿದರು ಬಂದರು, ಅವರ ಹಿಂದೆ ಮದ್ಯದ ಭಟ್ಟಿಗಳು, ಅವುಗಳ ಹಿಂದೆ ಕ್ರೇನುಗಳು. ನೀವು "ಮುಂದೆ ಬರುವ ಏರಿಯಾ" ಎಂದು ಬರೆದಿರುವುದು ಇದನ್ನೇ.

ನಮ್ಮ ಮನೆಯಿಂದ ನಡೆದು ಹೋಗುವಷ್ಟು ದೂರದಲ್ಲಿ ಬ್ರಾಂಜ್‌ವಿಲ್ ಇತ್ತು, ಕರಿಯರ ಅಂಗಡಿ, ರಂಗಮಂದಿರ, ಜಾಜ್ ಸಂಗೀತದ ಕೇರಿ. 1920ರ ದಶಕದ ಲಿಂಕನ್ ಥಿಯೇಟರ್ 2009ರಲ್ಲಿ ಮತ್ತೆ ತೆರೆಯಿತು, ಆದರೆ ಅದರ ಸುತ್ತಲಿನ ಬದುಕನ್ನು 1960ರ ದಶಕದ ಹೆದ್ದಾರಿ ಸೀಳಿಯಾಗಿತ್ತು. ಅದಕ್ಕಿಂತ ದಕ್ಷಿಣದ ಹ್ಯಾನ್‌ಫರ್ಡ್ ವಿಲೇಜಿನ ನಡುವೆ 70ನೆಯ ಹೆದ್ದಾರಿ ಹಾದುಹೋಯಿತು. ಪಕ್ಕದ ಮನೆ ಕಳೆದುಕೊಂಡ ಆ ಚಳಿಗಾಲ ನಾನು ನಗರದ ಮುಖ್ಯ ಗ್ರಂಥಾಲಯದಲ್ಲಿ ಸ್ಯಾನ್‌ಬಾರ್ನ್ ನಕ್ಷೆಗಳನ್ನು ತೆರೆದು ಕೂರುತ್ತಿದ್ದೆ. ಅವು ಬೆಂಕಿ ವಿಮೆಯವರಿಗಾಗಿ ಬರೆದವು, ಇಟ್ಟಿಗೆಗೆ ನಸುಗೆಂಪು, ಮರಕ್ಕೆ ಹಳದಿ ಬಣ್ಣ. ನಮ್ಮ ಬೀದಿಯಲ್ಲಿ ನಸುಗೆಂಪು ಚೌಕಗಳು ಒತ್ತೊತ್ತಾಗಿದ್ದವು. ಈಗ ಅವುಗಳಲ್ಲಿ ಮೂರರಲ್ಲೊಂದು ಬರಿ ಹುಲ್ಲು. ಆ ದಾದಿಯ ತಂದೆಯ ಹೆಸರು, ಅದರ ಮುಂದೆ ಆತನ ಕಸುಬು, ಹಳೆಯ ನಗರ ಡೈರೆಕ್ಟರಿಯೊಂದರಲ್ಲಿ ಸಿಕ್ಕಿತು. ಅದನ್ನು ನಕಲು ಮಾಡಿ ಅವರಿಗೆ ಕಳುಹಿಸಿದೆ. ಮನೆ ಹೋದದ್ದನ್ನು ಅದೇ ಪತ್ರದಲ್ಲಿ ಬರೆಯಬೇಕಾಯಿತು.

ನೀವು ಕೇಳಿದ ಆಯ್ಕೆಗೆ ಬಂದೆ. ಹೊಸ ಉಪನಗರವನ್ನು ನಾನು ಹೀಗಳೆಯುವುದಿಲ್ಲ, ಅಲ್ಲಿಗೂ ಒಂದು ಚರಿತ್ರೆಯಿದೆ ಎಂದಷ್ಟೇ ಹೇಳುತ್ತೇನೆ. 1950ರ ದಶಕದಲ್ಲಿ ಮೇಯರ್ ಆಗಿದ್ದ ಸೆನ್ಸನ್‌ಬ್ರೆನರ್, ಕೊಲಂಬಸ್‌ನ ನೀರು, ಒಳಚರಂಡಿ ಬೇಕಿದ್ದರೆ ನಗರಕ್ಕೆ ಸೇರಿ ಎಂಬ ಪಟ್ಟು ಹಿಡಿದರು. ಹಾಗೆ 40 ಚದರ ಮೈಲಿಯ ಊರು 220 ಮೀರಿ ಬೆಳೆಯಿತು, 1950ರಲ್ಲಿ 3.76 ಲಕ್ಷವಿದ್ದ ಜನಸಂಖ್ಯೆ 2020ರಲ್ಲಿ 9.06 ಲಕ್ಷವಾಯಿತು. ನಮ್ಮವರು ಮೆಚ್ಚುವ "ವಿಳಾಸ ಕೊಲಂಬಸ್, ಶಾಲೆ ಡಬ್ಲಿನ್" ಎಂಬ ಮನೆಗಳು ಈ ಹಿಗ್ಗುವಿಕೆಯ ಮಕ್ಕಳು. ಶಾಲೆಯೇ ಮುಖ್ಯವಾದರೆ ಅಲ್ಲಿಗೆ ಹೋಗಿ, ಅಪರಾಧಭಾವ ಬೇಡ.

ಹಳೆಯದೇ ಬೇಕು, ಅದು ಬದಲಾಗಲೂಬಾರದು ಎಂದರೆ ಜರ್ಮನ್ ವಿಲೇಜ್ ನೋಡಿ. 1950ರ ದಶಕದಲ್ಲಿ ಅದನ್ನು ಕೊಳೆಗೇರಿಯೆಂದು ಕರೆದು ಮೂರನೆಯ ಒಂದು ಪಾಲನ್ನು ನೆಲಸಮ ಮಾಡಿದರು. ಉಳಿದದ್ದನ್ನು ಫ್ರ್ಯಾಂಕ್ ಫೆಚ್ ಎಂಬ ನಗರದ ನೌಕರ ಮತ್ತು ನೆರೆಯವರು 1960ರಲ್ಲಿ ಸಂಘ ಕಟ್ಟಿ ಕಾಪಾಡಿದರು. ಇಲ್ಲಿ ಹಲ್ಲಿರುವುದು ಊರಿನ ಆಯೋಗಕ್ಕೆ, ಅದು ನಿಮ್ಮನ್ನೂ ಕಚ್ಚುತ್ತದೆ: ಜಗುಲಿಯ ಕಂಬಿ ಬದಲಿಸಲೂ ಅರ್ಜಿ ಹಾಕಬೇಕು. ಬೆಲೆಯೂ ದುಬಾರಿ. ಇವೆರಡೂ ಒಪ್ಪಿಗೆಯಿದ್ದರೆ ಮಾತ್ರ ಹೋಗಿ.

ನೀವು ನೋಡಿರುವ ಬೀದಿಯಂಥದರಲ್ಲಿ ಕೊಳ್ಳುವುದಾದರೆ ಅದು ಬದಲಾಗುತ್ತದೆ ಎಂದು ಒಪ್ಪಿಯೇ ಕೊಳ್ಳಿ. ಮುಖ್ಯ ರಸ್ತೆಗಳುದ್ದಕ್ಕೂ ಎತ್ತರದ ಕಟ್ಟಡಗಳಿಗೆ ದಾರಿ ಬಿಡುವ ಹೊಸ ವಲಯ ನಿಯಮಗಳನ್ನು ನಗರಸಭೆ 2024ರ ಜುಲೈನಲ್ಲಿ ಅಂಗೀಕರಿಸಿದೆ. ನಾನು ಅದಕ್ಕೆ ವಿರೋಧಿಯಲ್ಲ, ಮನೆಯಿಲ್ಲದೆ ಊರು ಬೆಳೆಯುವುದಿಲ್ಲ. ನನ್ನ ತುಳಸಿಯ ಬಿಸಿಲು ಕದ್ದ ಆ ಕಟ್ಟಡದ ಮೂರನೆಯ ಅಂತಸ್ತಿನಲ್ಲಿ ಈಗ ಹಾಸನದ ಹುಡುಗಿಯೊಬ್ಬಳಿದ್ದಾಳೆ, ಭಾನುವಾರ ನಮ್ಮಲ್ಲೇ ಊಟ ಮಾಡುತ್ತಾಳೆ. ಆದರೂ ಸಹಿ ಹಾಕುವ ಮೊದಲು ನಗರದ ಸಂರಕ್ಷಣಾ ಕಚೇರಿಗೆ ಕರೆ ಮಾಡಿ, ನಿಮ್ಮ ನಿವೇಶನದ ಜೊತೆ ಎಡಬಲದ ನಿವೇಶನಗಳ ಸಂಖ್ಯೆಯನ್ನೂ ಕೊಟ್ಟು, ಅವು ನಗರದ ಪಟ್ಟಿಯಲ್ಲಿವೆಯೇ ಎಂದು ಕೇಳಿ. ಅಂಚೆಯಲ್ಲಿ ಬಂದ ಕಾರ್ಡಿನ ಬೆನ್ನಿಗೆ ದಿನಸಿ ಬರೆಯಬೇಡಿ. ಪಕ್ಕದ ಮನೆಯ ಹಿರಿಯರು ಒಂದು ಸಂಜೆ ಜಗುಲಿಗೆ ಬಂದು ಮನೆಯನ್ನು ನೀವೇ ಇಟ್ಟುಕೊಳ್ಳಿ ಎಂದರೆ, ಮಾರನೆಯ ದಿನ ಬೆಳಗ್ಗೆಯೇ ಬ್ಯಾಂಕಿಗೆ ಹೋಗಿ.