ಬೀದಿ ದೀಪ ಯಾರ ಮೇಲೆ ಬೀಳುತ್ತದೆ?

ಪ್ರಶ್ನೆ: ಮೇಡಂ, ನನ್ನ ಮಗಳು ಪಿಎಚ್‌ಡಿಗೆ ‘ಲಿಂಗತ್ವ, ಭದ್ರತೆ ಮತ್ತು ನಗರ ರಾಜಕಾರಣ’ ಎಂಬ ವಿಷಯ ತೆಗೆದುಕೊಂಡಿದ್ದಾಳೆ. ಭದ್ರತೆ ಪೊಲೀಸರ ಕೆಲಸ ಅಲ್ವಾ? ಅದರಲ್ಲಿ ಸಂಶೋಧನೆ ಮಾಡುವುದಕ್ಕೆ ಏನಿದೆ? ನೀವೂ ಇದೇ ಕ್ಷೇತ್ರದವರು, ಸ್ವಲ್ಪ ಬಿಡಿಸಿ ಹೇಳಿ.

ಉತ್ತರ: ಇದೇ ಪ್ರಶ್ನೆಯನ್ನು ನನ್ನ ಮನೆಯವರೂ ಕೇಳಿದ್ದರು ಸರ್, ಇನ್ನೂ ಕೇಳುತ್ತಲೇ ಇದ್ದಾರೆ!

1977ರ ಇಂಗ್ಲೆಂಡಿಗೆ ಹೋಗೋಣ. ಲೀಡ್ಸ್ ನಗರದ ಆಸುಪಾಸಿನಲ್ಲಿ ಒಬ್ಬ ಗಂಡಸು ಹೆಂಗಸರನ್ನು ಒಬ್ಬೊಬ್ಬರನ್ನಾಗಿ ಕೊಲ್ಲುತ್ತಿದ್ದ. ಕತ್ತಲಾದ ಮೇಲೆ ಹೆಂಗಸರು ಹೊರಗೆ ಬರಬೇಡಿ ಎಂದರು ಪೊಲೀಸರು. ಕೊಲ್ಲುವವನು ಗಂಡಸು, ಬಾಗಿಲು ಹಾಕಿಕೊಂಡು ಕೂರಬೇಕಾದವರು ಹೆಂಗಸರು. ಆ ವರ್ಷ ನವೆಂಬರ್ 12ರ ರಾತ್ರಿ ಲೀಡ್ಸ್‌ನ ಹೆಂಗಸರು ಬೀದಿಗಿಳಿದು ಮೆರವಣಿಗೆ ಹೊರಟರು. ‘ರಿಕ್ಲೇಮ್ ದಿ ನೈಟ್’ (ರಾತ್ರಿಯನ್ನು ಮರಳಿ ಪಡೆಯೋಣ) ಎಂದು ಈಗಲೂ ಹಲವು ಊರುಗಳಲ್ಲಿ ನಡೆಯುವ ನಡಿಗೆಗಳ ಪೈಕಿ ಮೊದಮೊದಲಿನವುಗಳಲ್ಲಿ ಇದೂ ಒಂದು. ಪೊಲೀಸರ ಮಾತಿನಲ್ಲಿ ಕೆಟ್ಟ ಉದ್ದೇಶ ಇರಲಿಲ್ಲ, ಒಪ್ಪೋಣ. ಆದರೆ ರಾತ್ರಿ ಪಾಳಿಯ ನರ್ಸ್ ಏನು ಮಾಡಬೇಕು? ಆಫೀಸು ಗುಡಿಸುವವಳು? ಭದ್ರತೆಯ ಖರ್ಚನ್ನು ಯಾರ ತಲೆಗೆ ಕಟ್ಟುತ್ತೀರಿ ಎನ್ನುವುದು ರಾಜಕಾರಣ. ನಿಮ್ಮ ಮಗಳ ವಿಷಯ ಇಲ್ಲಿ ಶುರುವಾಗುತ್ತದೆ.

ಇನ್ನು ಕೆಲಸ ಹೇಗೆ ಅಂತ. ಲೈಬ್ರರಿಯಲ್ಲಿ ಕೂತರೆ ಅರ್ಧ ಮಾತ್ರ ಆಗುತ್ತದೆ. 1989ರಲ್ಲಿ ಕೆನಡಾದ ಟೊರಾಂಟೊದಲ್ಲಿ ಹೆಂಗಸರ ಮೇಲಿನ ಹಿಂಸೆಯ ವಿರುದ್ಧ ಕೆಲಸ ಮಾಡುವ ಮೆಟ್ರ್ಯಾಕ್ ಸಂಸ್ಥೆ ‘ಸುರಕ್ಷತಾ ಆಡಿಟ್’ ಎನ್ನುವುದನ್ನು ರೂಪಿಸಿತು. ದಿಲ್ಲಿಯಲ್ಲಿ ಜಾಗೋರಿ ಎಂಬ ಮಹಿಳಾ ಸಂಸ್ಥೆಯೂ ಅದನ್ನು ಮಾಡಿತು. ಕ್ರಮ ಸರಳ. ಆ ಜಾಗದಲ್ಲಿ ದಿನಾ ಓಡಾಡುವ ನಾಲ್ಕಾರು ಹೆಂಗಸರು ಕತ್ತಲಾದ ಮೇಲೆ ಒಟ್ಟಿಗೆ ನಡೆಯುತ್ತಾರೆ. ಒಬ್ಬರು ವಯಸ್ಸಾದವರು, ಒಬ್ಬರು ಮಗು ಎತ್ತಿಕೊಂಡವರು ಇದ್ದರೆ ಒಳ್ಳೆಯದು. ಎಲ್ಲಿ ಹೆಜ್ಜೆ ತಾನಾಗಿ ಜೋರಾಗುತ್ತದೋ ಅಲ್ಲಿ ನಿಂತು, ಯಾಕೆ ಅಂತ ಬರೆದುಕೊಳ್ಳುತ್ತಾರೆ. ದೀಪದ ಕಂಬ ಇರುತ್ತದೆ, ಆದರೆ ಬೆಳಕು ಬೀಳುವುದು ವಾಹನ ಓಡುವ ರಸ್ತೆ ಮೇಲೆ. ನಡೆಯುವವರ ಮೇಲೆ ಮರದ ನೆರಳು. ಆಮೇಲೆ ಒಂದು ಉದ್ದ ಗೋಡೆ. ಕಿಟಕಿ ಇಲ್ಲ, ಅಂಗಡಿ ಇಲ್ಲ. ಕೂಗಿದರೆ ಕೇಳಿಸಿಕೊಳ್ಳುವವರು ಯಾರೂ ಇಲ್ಲ. ಬಸ್ ಸ್ಟಾಪಿನ ಹಿಂಭಾಗವನ್ನು ಜಾಹೀರಾತಿನ ಹಲಗೆ ಮುಚ್ಚಿರುತ್ತದೆ, ಅದರ ಹಿಂದೆ ಯಾರು ನಿಂತಿದ್ದಾರೋ ಕಾಣುವುದಿಲ್ಲ. ಇಂಥದ್ದು ಯಾವ ಅಪರಾಧ ಅಂಕಿಅಂಶದಲ್ಲೂ ಸಿಗುವುದಿಲ್ಲ. ಹೆಂಗಸರು ಆ ಹಾದಿಯನ್ನೇ ಬಿಟ್ಟಿದ್ದರೆ ಅಲ್ಲಿ ದೂರು ದಾಖಲಾಗುವುದಾದರೂ ಹೇಗೆ? ಕಾಗದದ ಮೇಲೆ ಆ ಹಾದಿ ಬಲು ಸೇಫ್!

ಮಗಳಿಗೆ ಹೇಳಿ, ಪೊಲೀಸ್ ಠಾಣೆಗಿಂತ ಮೊದಲು ಬೀದಿ ದೀಪದ ಎಂಜಿನಿಯರ್ ಹತ್ತಿರ ಹೋಗಲಿ.

ಪ್ರಶ್ನೆ: ಎಲ್ಲ ಕಡೆ ಸಿಸಿಟಿವಿ ಹಾಕಿದರೆ ಸಾಲದೇ?

ಉತ್ತರ: ಕ್ಯಾಮೆರಾ ಬೇಡ ಅನ್ನುವುದಿಲ್ಲ. ಆದರೆ ಹಲವು ಅಧ್ಯಯನಗಳನ್ನು ಒಟ್ಟಿಗಿಟ್ಟು ನೋಡಿದ ಸಂಶೋಧಕರಿಗೆ ಕಂಡದ್ದು ಇದು: ಕಾರ್ ಪಾರ್ಕಿಂಗ್‌ನಲ್ಲಿ ಅದು ಚೆನ್ನಾಗಿ ಕೆಲಸ ಮಾಡುತ್ತದೆ, ಹಲ್ಲೆಯಂಥ ಹಿಂಸೆಯ ವಿಷಯದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇಲ್ಲ. ಕಾರುಗಳಿಗೆ ಒಳ್ಳೆಯದಾಯಿತು ಬಿಡಿ. ಕ್ಯಾಮೆರಾ ಉದ್ಘಾಟನೆಗೆ ಫೋಟೊ ತೆಗೆಸಿಕೊಳ್ಳಬಹುದು, ಅದರ ಆಕರ್ಷಣೆ ಅಲ್ಲೇ ಇದೆ ಅನ್ನುವುದು ನನ್ನ ಅನುಮಾನ.

ಕ್ಯಾಮೆರಾ ಇಲ್ಲದ ಉಪಾಯಗಳೂ ಇವೆ. ಕೆನಡಾದ ಮಾಂಟ್ರಿಯಲ್‌ನಲ್ಲಿ 1996ರಲ್ಲಿ ಒಂದು ವ್ಯವಸ್ಥೆ ಶುರುವಾಯಿತು: ರಾತ್ರಿ ಹೊತ್ತು ಒಂಟಿ ಹೆಂಗಸು ಎರಡು ಸ್ಟಾಪುಗಳ ನಡುವೆ ಬಸ್ ನಿಲ್ಲಿಸಲು ಡ್ರೈವರಿಗೆ ಹೇಳಬಹುದಿತ್ತು. ವಿಯೆನ್ನಾದಲ್ಲಿ ಇನ್ನೊಂದು ಗಮನಿಸಿದರು. ಒಂಬತ್ತು ಹತ್ತು ವರ್ಷ ದಾಟಿದ ಹುಡುಗಿಯರು ಪಾರ್ಕುಗಳಿಂದ ಮಾಯವಾಗುತ್ತಿದ್ದರು. ಅಲ್ಲಿ ಯಾರೂ ಅವರನ್ನು ಓಡಿಸಿರಲಿಲ್ಲ. ದೊಡ್ಡ ಬಯಲು ಒಂದೇ ಇದ್ದರೆ ಫುಟ್‌ಬಾಲ್ ಆಡುವ ಹುಡುಗರು ಹಿಡಿದುಬಿಡುತ್ತಾರೆ, ಹುಡುಗಿಯರು ಸುಮ್ನೆ ಮನೆಗೆ ಹೋಗುತ್ತಾರೆ. 1999ರಲ್ಲಿ ಎರಡು ಪಾರ್ಕುಗಳಲ್ಲಿ ಬಯಲನ್ನು ಭಾಗ ಮಾಡಿ, ಕಾಲುದಾರಿ ಹೆಚ್ಚಿಸಿ, ವಾಲಿಬಾಲ್ ಮತ್ತು ಬ್ಯಾಡ್ಮಿಂಟನ್‌ಗೆ ಜಾಗ ಕೊಟ್ಟರು. ಹುಡುಗಿಯರು ವಾಪಸ್ ಬಂದರು.

ಪ್ರಶ್ನೆ: ಕೊಲೆಯಾಗುವವರಲ್ಲಿ ಗಂಡಸರೇ ಜಾಸ್ತಿ. ಮತ್ತೆ ಹೆಂಗಸರ ಭಯದ ಬಗ್ಗೆಯೇ ಯಾಕಿಷ್ಟು ಮಾತು?

ಉತ್ತರ: ಲೆಕ್ಕ ಸರಿಯಿದೆ. ವಿಶ್ವಸಂಸ್ಥೆಯ ಮಾದಕವಸ್ತು ಮತ್ತು ಅಪರಾಧ ಕಚೇರಿಯ ಪ್ರಕಾರ 2021ರಲ್ಲಿ ಜಗತ್ತಿನಲ್ಲಿ ಕೊಲೆಯಾದವರಲ್ಲಿ ಶೇ. 81ರಷ್ಟು ಗಂಡಸರು, ಹುಡುಗರು. ಅದೇ ವರದಿಯನ್ನು ಇನ್ನೊಂದು ಸಾಲು ಓದಿ: ಕೊಲೆಯಾದ ಹೆಂಗಸರು, ಹುಡುಗಿಯರಲ್ಲಿ ಸುಮಾರು ಶೇ. 56ರಷ್ಟು ಮಂದಿಯನ್ನು ಕೊಂದದ್ದು ಸಂಗಾತಿ ಅಥವಾ ಮನೆಯವರೇ. ಗಂಡಸರಲ್ಲಿ ಇದು ಶೇ. 11.

ಹಾಗಾಗಿ ಹೊತ್ತು ಮುಳುಗುವ ಮೊದಲು ಮನೆ ಸೇರಿಕೋ ಎನ್ನುವ ಬುದ್ಧಿಮಾತು ಎಲ್ಲರಿಗೂ ಹೊಂದುವುದಿಲ್ಲ. ರಾತ್ರಿ ಒಂದು ಗಂಟೆಗೆ ಏಟು ತಿಂದು ಮನೆಯಿಂದ ಹೊರಬೀಳುವವಳಿಗೆ ಇರುವುದು ಬೀದಿ ಒಂದೇ. ಅಷ್ಟು ಹೊತ್ತಿನಲ್ಲಿ ಅವಳು ನಡೆಯುವ ಹಾದಿಯಲ್ಲಿ ದೀಪ ಇದೆಯಾ, ಬಸ್ ಸಿಗುತ್ತದಾ, ಆಶ್ರಯ ಕೇಂದ್ರದವರು ಬಾಗಿಲು ತೆಗೆಯುತ್ತಾರಾ? ನಗರ ಯೋಜನೆಯ ಸಭೆಗಳಲ್ಲಿ ನಾನು ಕೇಳುವ ಪ್ರಶ್ನೆ ಇದು. ಹೆಚ್ಚಿನ ಸಲ ‘ಅದು ನಮ್ಮ ಇಲಾಖೆಗೆ ಬರುವುದಿಲ್ಲ ಮೇಡಂ’ ಎನ್ನುತ್ತಾರೆ.