ಅಮ್ಮನ ಅಕ್ಷರ, ಬಿಸಿಲಿನ ನೀಲಿ: ಓದುಗರ ಪ್ರಶ್ನೆ, ನಮ್ಮ ಉತ್ತರ

ಅಗಲಿದವರಿಗಾಗಿ, ಹತ್ತಿರದಲ್ಲೇ ಇರುವವರಿಗಾಗಿ ಫೋಟೋದಿಂದ ಏನಾದರೂ ಮಾಡಬೇಕು ಎಂದು ಬರೆದವರ ಪತ್ರಗಳಲ್ಲಿ ಐದು ಇಲ್ಲಿವೆ.

ಪ್ರಶ್ನೆ: ಅಮ್ಮ ತೀರಿಕೊಂಡ ಮೇಲೆ ಅವರ ಅಡುಗೆಯ ನೋಟ್‌ಬುಕ್ ಸಿಕ್ಕಿತು. ಹುಳಿಪುಡಿ, ಮೆಂತ್ಯದ ಹಿಟ್ಟು, ಪತ್ರೊಡೆ, ಎಲ್ಲ ಅವರದೇ ಅಕ್ಷರ. ಒಂದು ಪುಟವನ್ನು ಅವರ ಹತ್ತಿ ಸೀರೆಯ ಮೇಲೆ ಸಯನೋಟೈಪ್ (ಬಿಸಿಲಿನಿಂದ ಮೂಡಿಸುವ ನೀಲಿ ಅಚ್ಚು) ಮಾಡಬೇಕೆಂದಿದ್ದೇನೆ. ಮನೆಯಲ್ಲಿ ಆಗುತ್ತದೆಯೇ? (ಡೊಂಬಿವಲಿ)

ಉತ್ತರ: ಆಗುತ್ತದೆ. ಡಾರ್ಕ್‌ರೂಮ್ ಬೇಡ, ಬಿಸಿಲು ಮತ್ತು ನೀರು ಸಾಕು. 1842ರಲ್ಲಿ ಜಾನ್ ಹರ್ಷಲ್ ಕಂಡುಹಿಡಿದ ವಿಧಾನವಿದು. ಮರುವರ್ಷವೇ ಅನ್ನಾ ಅಟ್ಕಿನ್ಸ್ ಕಡಲಪಾಚಿಗಳನ್ನು ಹೀಗೆ ಅಚ್ಚು ಹಾಕತೊಡಗಿದರು. ಎಂಜಿನಿಯರುಗಳ ಹಳೆಯ ಕಾಲದ ಬ್ಲೂಪ್ರಿಂಟ್ ಕೂಡ ಇದೇ ಆಗಿತ್ತು.

ಮೊದಲು ಒಂದು ಮಾತು: ಸೀರೆಯನ್ನು ಮುಟ್ಟಬೇಡಿ. ಮೊದಲ ಮೂರ್ನಾಲ್ಕು ಅಚ್ಚು ಕೆಡುವುದು ಸಾಮಾನ್ಯ, ಸೀರೆ ಇರುವುದು ಒಂದೇ. ಬಿಳಿ ಮಲ್ (ತೆಳು ಹತ್ತಿ) ಬಟ್ಟೆ ತಂದು ಅಕ್ಷರವನ್ನು ಅದರ ಮೇಲೆ ಇಳಿಸಿ. ಪಾಲಿಯೆಸ್ಟರ್ ಕಲಬೆರಕೆ ಬೇಡ, ನೀಲಿ ಅದರಲ್ಲಿ ನಿಲ್ಲದೆ ತೊಳೆದುಹೋಗುತ್ತದೆ. ಬಟ್ಟೆಯ ಗಂಜಿಯೆಲ್ಲ ಹೋಗುವವರೆಗೆ ಒಗೆದು, ಸೋಪಿನ ಅಂಶ ಉಳಿಯದಂತೆ ಜಾಲಿಸಿ ಒಣಗಿಸಿ.

ದ್ರಾವಣ ಎರಡು. ಒಂದರಲ್ಲಿ ಫೆರಿಕ್ ಅಮೋನಿಯಂ ಸಿಟ್ರೇಟ್ 25 ಗ್ರಾಂ, ಹಸಿರು ಬಗೆಯದ್ದು. ಇನ್ನೊಂದರಲ್ಲಿ ಪೊಟ್ಯಾಸಿಯಂ ಫೆರಿಸಯನೈಡ್ 10 ಗ್ರಾಂ. ಎರಡನ್ನೂ ತಲಾ 100 ಮಿ.ಲೀ. ಡಿಸ್ಟಿಲ್ಡ್ ವಾಟರ್‌ನಲ್ಲಿ ಕರಗಿಸಿ ಬೇರೆ ಬೇರೆ ಕಂದು ಬಾಟಲಿಗಳಲ್ಲಿಡಿ. ಮುಂಬಯಿಯ ಪ್ರಿನ್ಸೆಸ್ ಸ್ಟ್ರೀಟ್ ಕಡೆಯ ಕೆಮಿಕಲ್ ಅಂಗಡಿಗಳಲ್ಲಿ ವಿಚಾರಿಸಿ, ಆದರೆ ಚೀಟಿಯಲ್ಲಿ ಬರೆದುಕೊಂಡೇ ಹೋಗಿ. ಬಾಯಲ್ಲಿ ಹೇಳಿದರೆ ‘ಫೆರಿ’ ಬದಲು ‘ಫೆರೊ’ಸಯನೈಡ್ ಕಟ್ಟಿಕೊಡುವುದುಂಟು. ಬೇಕಾದದ್ದು ಕೆಂಪು ಹರಳು. ತಿಳಿ ಹಳದಿ ಹರಳು ಬಂದರೆ ಅದು ಫೆರೊ. ಬೆರೆಸಿದ ಕೂಡಲೇ ಬಿಸಿಲಿಲ್ಲದೆಯೇ ನೀಲಿಗಟ್ಟಿ ಎಲ್ಲ ವ್ಯರ್ಥ. ಸಿಟ್ರೇಟ್ ದ್ರಾವಣದ ಮೇಲೆ ಬೂಷ್ಟು ಬರುತ್ತದೆ, ಸೋಸಿಕೊಂಡರಾಯಿತು. ಅಡುಗೆ ಪಾತ್ರೆ ಬಳಸಬೇಡಿ, ಕೈಗವಸು ಹಾಕಿ. ಟಾಯ್ಲೆಟ್ ತೊಳೆಯುವ ಆಸಿಡ್ ಪಕ್ಕದಲ್ಲಿ ಫೆರಿಸಯನೈಡ್ ಇಡಲೇಬೇಡಿ, ಗಾಢ ಆಮ್ಲ ಸೇರಿದರೆ ವಿಷದ ಗಾಳಿ ಏಳುತ್ತದೆ.

ಹಚ್ಚುವ ಹೊತ್ತಿಗೆ ಎರಡನ್ನೂ ಸಮಸಮ ಬೆರೆಸಿ. ಒಂದು ಚದರಡಿ ತೆಳು ಬಟ್ಟೆಗೆ ಸುಮಾರು 10ರಿಂದ 12 ಮಿ.ಲೀ. ಹಿಡಿಯುತ್ತದೆ. ಕಿಟಕಿ ಪರದೆ ಎಳೆದು, ಮಂದವಾದ ಹಳದಿ ಬಲ್ಬಿನಲ್ಲಿ ಸ್ಪಂಜಿನಿಂದ ಹಚ್ಚಿ, ಕತ್ತಲೆಯಲ್ಲಿ ಫ್ಯಾನಿನಡಿ ಒಣಗಿಸಿ. ಮುಕ್ಕಾಲು ಪಾಲು ಸೋಲು ಇಲ್ಲೇ. ಮುಟ್ಟಿದರೆ ತಣ್ಣಗೆನಿಸಿದರೆ ಇನ್ನೂ ಒಣಗಿಲ್ಲ. ಹಸಿ ಬಟ್ಟೆ ಬಿಸಿಲಿಗಿಟ್ಟರೆ ಅಚ್ಚು ಮಬ್ಬಾಗುತ್ತದೆ, ಅದರ ಮೇಲಿಡುವ ಅಕ್ಷರದ ಶೀಟಿಗೂ ಕಲೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ಕೆಲಸಕ್ಕೆ ಇಳಿಯಬೇಡಿ ಎಂದೇ ನಮ್ಮ ಸಲಹೆ.

ಕೈಬರಹಕ್ಕೆ ನೆಗೆಟಿವ್ ಕೂಡ ಬೇಕಿಲ್ಲ. ಪುಟವನ್ನು ಜೆರಾಕ್ಸ್ ಅಂಗಡಿಯಲ್ಲಿ ಪಾರದರ್ಶಕ ಓಎಚ್‌ಪಿ ಶೀಟಿನ ಮೇಲೆ ತೆಗೆಸಿ ಇಟ್ಟರೆ ನೀಲಿಯ ಮೇಲೆ ಬಿಳಿ ಅಕ್ಷರ ಮೂಡುತ್ತದೆ. ಬಿಳಿಯ ಮೇಲೆ ನೀಲಿ ಅಕ್ಷರವೇ ಬೇಕಿದ್ದರೆ ಮಾತ್ರ ಕಂಪ್ಯೂಟರಿನಲ್ಲಿ ಕಪ್ಪು-ಬಿಳಿ ತಿರುಗಿಸಿ ಪ್ರಿಂಟ್ ಹಾಕಿಸಿ. ಲೇಸರ್ ಪ್ರಿಂಟಿನ ಕಪ್ಪು ತೆಳು, ಎರಡು ಶೀಟು ಒಂದರ ಮೇಲೊಂದು ಸರಿಯಾಗಿ ಕೂರಿಸಿ. ಮೇಲೆ ಗಾಜು ಹೇರಿ, ನಾಲ್ಕೂ ಕಡೆ ಕ್ಲಿಪ್ ಹಾಕಿ. ಶೀಟು ಬಟ್ಟೆಗೆ ಅಂಟಿಕೊಂಡಂತಿರದಿದ್ದರೆ ‘ಳ’ದ ಸುಳಿ, ಒತ್ತಕ್ಷರ ಎಲ್ಲ ಕಲಸಿಹೋಗುತ್ತವೆ.

ಬೇಸಿಗೆಯ ನಡುಮಧ್ಯಾಹ್ನ 8ರಿಂದ 12 ನಿಮಿಷ. ಗಡಿಯಾರಕ್ಕಿಂತ ಅಂಚನ್ನು ನೋಡಿ: ಹಳದಿ-ಹಸಿರು ಇದ್ದದ್ದು ನೀಲಿಯಾಗಿ, ಆಮೇಲೆ ಬೂದು ಕಂಚಿನ ಬಣ್ಣಕ್ಕೆ ತಿರುಗಿದರೆ ಆಯಿತು. ತೊಳೆಯುವಾಗ ಒಂದಿಷ್ಟು ನೀಲಿ ಹೋಗಿಯೇ ಹೋಗುತ್ತದೆ, ಹಾಗಾಗಿ ಅತಿಯಾಯಿತೇನೋ ಎನಿಸುವಷ್ಟು ಬಿಸಿಲು ಕಾಣಿಸಿ. ಮೊದಲ ನೀರಿಗೆ ಲೀಟರಿಗೊಂದು ಚಮಚ ವಿನೆಗರ್, ಆಮೇಲೆ ಬರೀ ನೀರು. ಹಳದಿ ಪೂರ್ತಿ ಬಿಡುವವರೆಗೆ 15-20 ನಿಮಿಷ. ಬೋರ್‌ವೆಲ್ ಅಥವಾ ಟ್ಯಾಂಕರ್ ನೀರು ಗಡಸಾಗಿದ್ದರೆ ನೀಲಿ ತೆಳುವಾಗುತ್ತದೆ. ಕಡುನೀಲಿ ಬರಲು ಒಂದು ದಿನ ಬೇಕು, ಅಲ್ಲಿಯವರೆಗೆ ನಿರಾಶರಾಗಬೇಡಿ.

ಸೀರೆಯೂ ಬೇಕು ಎನಿಸಿದರೆ ಅದನ್ನೇ ನೆಗೆಟಿವ್ ಮಾಡಿ. ದ್ರಾವಣ ಹಚ್ಚಿ ಒಣಗಿಸಿದ ಕಾಗದದ ಮೇಲೆ ತೆಳು ಪಾರದರ್ಶಕ ಶೀಟು, ಅದರ ಮೇಲೆ ಸೆರಗಿನ ಒಂದೇ ಪದರ, ಆಮೇಲೆ ಗಾಜು. ನೂಲಿನ ಸಂದಿಯಲ್ಲಿ ಬೆಳಕು ಇಳಿದು ನೇಯ್ಗೆ ಮೂಡುತ್ತದೆ, ಜರಿ ಅಂಚು ಬಿಳಿಯಾಗಿ ಉಳಿಯುತ್ತದೆ. ಸೀರೆ ಮಡಿಸಿ ಬೀರುವಿಗೆ ವಾಪಸ್.

ಪ್ರಶ್ನೆ: ನಮ್ಮಪ್ಪನ ದೋತರದ ತುಂಡಿನ ಮ್ಯಾಲೆ ಅವ್ರ ಫೋಟೋನ ನೀಲಿ ಅಚ್ಚು ಹಾಕಿದ್ದೆ. ಛಲೋ ಬಂದಿತ್ರಿ. ಒಮ್ಮೆ ಪುಡಿ ಹಾಕಿ ಒಗದೆ, ಮಾರಿ ಎಲ್ಲಾ ಹಳದಿ ಆತು. ವಾಪಸ್ ಬರತೈತೇನ್ರಿ? (ವಾಸ್ಕೋ)

ಉತ್ತರ: ಆ ನೀಲಿ ವಾಪಸ್ ಬರುವುದಿಲ್ಲ, ಆದರೆ ಮುಖ ಬರುತ್ತದೆ. ಒಗೆಯುವ ಪುಡಿ ಕ್ಷಾರ. ಕ್ಷಾರ ತಗುಲಿದರೆ ಆ ನೀಲಿ ಒಡೆದು ಬಟ್ಟೆಯಲ್ಲಿ ತುಕ್ಕಿನ ಬಣ್ಣದ ಕಬ್ಬಿಣ ಮಾತ್ರ ಉಳಿಯುತ್ತದೆ. ಆ ಕಬ್ಬಿಣವೇ ಈಗ ನಿಮ್ಮ ಬಂಡವಾಳ. ಒಂದು ಲೀಟರ್ ನೀರಿಗೆ ನಾಲ್ಕು ದೊಡ್ಡ ಚಮಚ ಚಹಾಪುಡಿ ಹಾಕಿ ಕುದಿಸಿ, ಸೋಸಿ, ಆರಿಸಿ. ಹಾಲು ಸಕ್ಕರೆ ಇಲ್ಲದೆ ಎಂದು ಹೇಳಬೇಕಾಗಿಲ್ಲ. ಬಟ್ಟೆಯನ್ನು ಚೆನ್ನಾಗಿ ಜಾಲಿಸಿ ಅದರಲ್ಲಿ ನೆನೆಸಿಡಿ, ಆಗಾಗ ಅಲುಗಾಡಿಸಿ. ಚಹಾದ ಟ್ಯಾನಿನ್ ಕಬ್ಬಿಣದ ಜೊತೆ ಸೇರಿ ಅರ್ಧ-ಮುಕ್ಕಾಲು ಗಂಟೆಯಲ್ಲಿ ಕಂದು-ಕಪ್ಪು ಬರುತ್ತದೆ. ಬಿಳಿ ಜಾಗವೂ ಸ್ವಲ್ಪ ಚಹಾ ಬಣ್ಣಕ್ಕೆ ತಿರುಗುತ್ತದೆ. ಹಳೆಯ ದೋತರಕ್ಕೆ ಅದು ಒಪ್ಪುತ್ತದೆ ಕೂಡ. ಮುಂದೆ ಒಗೆಯಲೇಬೇಕಾದರೆ ಅಂಟುವಾಳದ ನೀರು ಸಾಕು. ಸೋಡಾ, ಬ್ಲೀಚ್ ದೂರ. ನೆರಳಲ್ಲೇ ಒಣಹಾಕಿ.

ಪ್ರಶ್ನೆ: ನಮ್ಮ ಯಜಮಾನರ ಕನ್ನಡಕ, ಕೈಗಡಿಯಾರ, ಸ್ಕೂಟರಿನ ಕೀಲಿಗೊಂಚಲು ಹಾಗೇ ಇವೆ. ಮೊಬೈಲಿನಲ್ಲಿ ತೆಗೆದರೆ ಮಾರಾಟಕ್ಕಿಟ್ಟ ಸಾಮಾನಿನಂತೆ ಕಾಣುತ್ತವೆ. ಯಾಕೆ? (ಪುಣೆ, ಕೋಥ್ರೂಡ್)

ಉತ್ತರ: ಎರಡು ಕಾರಣ. ನೆತ್ತಿಯ ಮೇಲಿನ ಟ್ಯೂಬ್‌ಲೈಟ್ ನೆರಳನ್ನೆಲ್ಲ ನುಂಗುತ್ತದೆ. ಮತ್ತೆ, ಬಹುಶಃ ಬಿಳಿ ಹಾಳೆ ಹಾಸಿ ಎಲ್ಲವನ್ನೂ ಸಾಲಾಗಿ ಇಟ್ಟಿದ್ದೀರಿ. ವಸ್ತು ಎಲ್ಲಿ ಇರುತ್ತಿತ್ತೋ ಅಲ್ಲೇ ತೆಗೆಯಿರಿ: ಕೀಲಿ ಬಾಗಿಲ ಪಕ್ಕದ ಮೊಳೆಯಲ್ಲಿ, ಕನ್ನಡಕ ಮಡಿಸಿದ ಪೇಪರಿನ ಮೇಲೆ. ಮನೆಯ ದೀಪಗಳನ್ನೆಲ್ಲ ಆರಿಸಿ, ಬಿಸಿಲು ನೇರ ಬೀಳದ ಒಂದೇ ಕಿಟಕಿಯ ಬೆಳಕು ಪಕ್ಕದಿಂದ ಬರಲಿ. ಇನ್ನೊಂದು ಬದಿ ತೀರಾ ಕಪ್ಪಾದರೆ ಒಂದಡಿ ದೂರದಲ್ಲಿ ಬಿಳಿ ಥರ್ಮೊಕೋಲ್ ನಿಲ್ಲಿಸಿ. ಮೊಬೈಲನ್ನು ಟ್ರೈಪಾಡಿಗೆ ಸಿಕ್ಕಿಸಿ, ಮೂರು ಸೆಕೆಂಡ್ ಟೈಮರ್ ಹಾಕಿ, ಪರದೆಯ ಮೇಲೆ ಬೆರಳೊತ್ತಿ ಫೋಕಸ್ ಲಾಕ್ ಮಾಡಿ ಬೆಳಕನ್ನು ಒಂದು ಹಂತ ಇಳಿಸಿ. ಕ್ಯಾಮೆರಾ ಇದ್ದರೆ ಐಎಸ್‌ಒ 100, ಎಫ್ 8. ಶಟರ್ ಅರ್ಧ ಸೆಕೆಂಡಾದರೂ ಚಿಂತೆಯಿಲ್ಲ, ಗಡಿಯಾರ ಎಲ್ಲಿಗೂ ಓಡುವುದಿಲ್ಲ.

ಕನ್ನಡಕದಲ್ಲಿ ಕಿಟಕಿಯ ಪ್ರತಿಬಿಂಬ ಬಂದರೆ ಕ್ಯಾಮೆರಾ ಅಲುಗಿಸಬೇಡಿ, ಕನ್ನಡಕವನ್ನೇ ಕೂದಲೆಳೆಯಷ್ಟು ತಿರುಗಿಸಿ. ಗಾಜನ್ನು ಒರೆಸುವ ಮೊದಲು ಒಂದು ಚಿತ್ರ ತೆಗೆಯಿರಿ. ಮೂಗಿನ ಪ್ಯಾಡಿಗೆ ಹಿಡಿದ ಹಸಿರು ಕಿಲುಬು, ಗಾಜಿನ ಮೇಲಿನ ಹೆಬ್ಬೆಟ್ಟಿನ ಗುರುತು ಒಮ್ಮೆ ಒರೆಸಿದರೆ ಹೋದವು. ಕೈಗಡಿಯಾರದ ಪಟ್ಟಿಯ ಯಾವ ತೂತು ಸವೆದು ದೊಡ್ಡದಾಗಿದೆಯೋ ಅದೇ ಅವರ ಮಣಿಕಟ್ಟಿನ ಅಳತೆ. ಹತ್ತಿರ ಹೋಗಿ ಅದನ್ನು ತೆಗೆಯಿರಿ.

ಪ್ರಶ್ನೆ: ಅಜ್ಜಿಗೆ 91, ಹಾಸಿಗೆ ಹಿಡಿದಿದ್ದಾರೆ. ಅವರ ಕೈಗಳ ಫೋಟೋ ತೆಗೆಯುವ ಆಸೆ. ತಪ್ಪೇ? (ಮುಂಬಯಿ, ಮಾಟುಂಗಾ)

ಉತ್ತರ: ಅಜ್ಜಿಯನ್ನೇ ಕೇಳಿ. ಬೇಡ ಎಂದರೆ ಬೇಡ. ಹೂಂ ಎಂದರೆ ಫ್ಲಾಶ್ ಹಾಕದೆ, ನಿಂತು ಮೇಲಿನಿಂದಲ್ಲದೆ ಹಾಸಿಗೆಯ ಮಟ್ಟಕ್ಕೆ ಕುಳಿತು ತೆಗೆಯಿರಿ. ಸುಮ್ಮನೆ ಚಾಚಿದ ಕೈಗಿಂತ ಬಳೆ ಸರಿಸುವ, ಬತ್ತಿ ಹೊಸೆಯುವ ಕೈ ಮೇಲು. ತೆಗೆದದ್ದನ್ನು ಅವರಿಗೆ ತೋರಿಸಿ, ಅವರು ಒಪ್ಪದ್ದನ್ನು ಅಳಿಸಿ. ಮನೆಯ ವಾಟ್ಸಾಪ್ ಗುಂಪಿಗೂ ಕೇಳದೆ ಹಾಕಬೇಡಿ.

ಪ್ರಶ್ನೆ: ಹೋಟೆಲಿನಲ್ಲಿ ದುಡಿದ ದೊಡ್ಡಪ್ಪನದು ಇರುವುದು ಒಂದೇ ಪಾಸ್‌ಪೋರ್ಟ್ ಸೈಜಿನ ಕಪ್ಪು-ಬಿಳುಪು ಫೋಟೋ, ಅದೂ ಫ್ರೇಮಿನ ಗಾಜಿಗೆ ಅಂಟಿಕೊಂಡಿದೆ. ಬಿಡಿಸಿ ದೊಡ್ಡದು ಮಾಡಿಸಬಹುದೇ? (ಮೀರಾ ರೋಡ್)

ಉತ್ತರ: ಬಿಡಿಸಬೇಡಿ. ಫೋಟೋದ ಮೇಲ್ಪದರ ಜೆಲಾಟಿನ್. ಮಳೆಗಾಲದ ತೇವಕ್ಕೆ ಅದು ಉಬ್ಬಿ ಗಾಜಿಗೆ ಹತ್ತಿಕೊಂಡಿರುತ್ತದೆ. ಎಳೆದರೆ ಮುಖ ಗಾಜಿನಲ್ಲಿ, ಕಾಗದ ಕೈಯಲ್ಲಿ. ಫ್ರೇಮಿನ ಮರ ಮಾತ್ರ ಬಿಚ್ಚಿ, ಗಾಜನ್ನು ಒರೆಸಿ, ಗಾಜಿನ ಸಮೇತ ಸ್ಕ್ಯಾನರ್ ಮೇಲಿಡಿ. 1200 ಡಿಪಿಐ (ಇಂಚಿಗೆ ಇಷ್ಟು ಚುಕ್ಕಿ), ಟಿಫ್ ಫೈಲ್. 35×45 ಮಿ.ಮೀ. ಚಿತ್ರಕ್ಕೆ ಸುಮಾರು 1650×2125 ಪಿಕ್ಸೆಲ್ ಸಿಗುತ್ತದೆ, ಅಂದರೆ ಇಂಚಿಗೆ 300 ಪಿಕ್ಸೆಲ್‌ನಂತೆ ಐದೂವರೆ ಇಂಚು ಅಗಲ, ಏಳು ಇಂಚು ಎತ್ತರದ ಒಳ್ಳೆಯ ಪ್ರಿಂಟ್. ಅದಕ್ಕಿಂತ ದೊಡ್ಡದು ಮಾಡಿದರೆ ಕಾಣುವುದು ಕಾಗದದ ಒರಟು, ದೊಡ್ಡಪ್ಪನಲ್ಲ.

ಆ್ಯಪ್‌ಗಳು ಮುಖವನ್ನು ಚೊಕ್ಕಟ ಮಾಡಿಕೊಡುತ್ತವೆ ನಿಜ, ಆದರೆ ಮೂಲದಲ್ಲಿಲ್ಲದ ರೆಪ್ಪೆ, ಹಲ್ಲುಗಳನ್ನು ಊಹಿಸಿ ತುಂಬುತ್ತವೆ. ಮನೆಯವರು ನೋಡಿ ‘ಇವರು ಯಾರು?’ ಎನ್ನುವುದು ಅದಕ್ಕೇ. ದೂಳು, ಗೀರು ತೆಗೆಸಿ, ಕಣ್ಣು-ಬಾಯಿ ಮುಟ್ಟಿಸಬೇಡಿ. ಈ ಐದೂವರೆ ಇಂಚು ಅಗಲದ ಪ್ರಿಂಟನ್ನು 12×15 ಇಂಚಿನ ಬಿಳಿ ಮೌಂಟಿನ (ಫೋಟೋ ಸುತ್ತ ಬರುವ ರಟ್ಟಿನ) ನಡುವೆ ಕೂರಿಸಿದರೆ ಗೋಡೆಯ ಮೇಲೆ ದೊಡ್ಡ ಪ್ರಿಂಟಿಗಿಂತ ಘನತೆಯಿಂದ ಇರುತ್ತದೆ. ಮೌಂಟ್ 2 ಮಿ.ಮೀ. ದಪ್ಪವಿದ್ದರೆ ಫೋಟೋ ಗಾಜಿಗೆ ತಾಗುವುದೂ ಇಲ್ಲ. ಫ್ರೇಮಿನ ಹಿಂದೆ ಕೆಳಗಿನ ಎರಡು ಮೂಲೆಗೆ ಕಾರ್ಕ್ ತುಂಡು ಅಂಟಿಸಿ, ಗೋಡೆಗೂ ಅದಕ್ಕೂ ನಡುವೆ ಗಾಳಿಯಾಡಲಿ. ಮಳೆ ಹೊಡೆಯುವ ಹೊರಗೋಡೆಗೆ ತೂಗುಹಾಕಬೇಡಿ. ನೀರು ಚಿಮುಕಿಸಿದ ಹೂಮಾಲೆ ನೇರ ಫ್ರೇಮಿನ ಮೇಲೆ ಬೀಳದಂತೆ ಎರಡಿಂಚು ಮೇಲೆ ಬೇರೆ ಮೊಳೆ ಹೊಡೆಯಿರಿ. ಆ ನೀರೇ ಸಂದಿಯಲ್ಲಿಳಿದು ಕೆಳಮೂಲೆಯಲ್ಲಿ ಬೂಷ್ಟು ಹಿಡಿಸುತ್ತದೆ. ಗಾಜಿಗಂಟಿದ ಮೂಲವನ್ನು ಹತ್ತಿ ಬಟ್ಟೆಯಲ್ಲಿ ಸುತ್ತಿ, ಸಿಲಿಕಾ ಜೆಲ್ ಪೊಟ್ಟಣದ ಜೊತೆ ಗಾಳಿಯಾಡದ ಡಬ್ಬಿಯಲ್ಲಿಡಿ. ಪೊಟ್ಟಣವನ್ನು ಮಳೆಗಾಲಕ್ಕೆ ಮುಂಚೆ ಬದಲಿಸಿ.